ಬ್ಲೇಡು ಹೊಸದು, ಬರ್ರು ಯಾರದೋ

ನಮ್ಮ ಮಂಡ್ಯದಲ್ಲಿ ಗಡ್ಡ ಕೆರೆಸಿಕೊಳ್ಳುವವನಿಗೆ ಇರುವ ಹಕ್ಕು ಹಲ್ಲು ಕೊರೆಸಿಕೊಳ್ಳುವವನಿಗೆ ಇಲ್ಲ. ಕಟಿಂಗ್ ಶಾಪಿನಲ್ಲಿ ಕೂತರೆ ಸಾಕು, ಅಂಗಡಿಯವನು ಬ್ಲೇಡಿನ ಕಾಗದ ಬಿಚ್ಚಿ, ಕನ್ನಡಿ ಮುಂದೆ ಹಿಡಿದು, ಟಕ್ ಅಂತ ಎರಡು ತುಂಡು ಮಾಡುತ್ತಾನೆ. 'ನೋಡ್ಕಳಿ ಅಣ್ಣ, ಹೊಸದು.' ತೋರಿಸದಿದ್ದರೆ ನಾವು ಬಿಡ್ತೀವಾ? ಮುಖಕ್ಕೆ ನೊರೆ ಹಚ್ಚಿದ್ದರೂ ಎದ್ದು ಪಕ್ಕದ ಅಂಗಡಿಗೆ ಹೋಗುತ್ತೇವೆ.

ಅದೇ ನಾವು ಹಲ್ಲಿನ ಡಾಕ್ಟರ ಕುರ್ಚಿಗೆ ಒರಗಿದರೆ, 'ಆ' ಅಂತ ಬಾಯಿ ಬಿಟ್ಟು ಫ್ಯಾನು ನೋಡುತ್ತೇವೆ.

ಹೋದ ತಿಂಗಳು ನಾನೂ ಒರಗಿದ್ದೆ. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರು ನಮ್ಮದು. ಕಬ್ಬು ಸಿಗಿದು ಸಿಗಿದು ದವಡೆ ಹಲ್ಲು ಕೈಕೊಟ್ಟಿತ್ತು. ಆ ಕ್ಲಿನಿಕ್ಕಿನ ಮಡಿ ನೋಡಿ ನಮ್ಮಜ್ಜಿ ನೆನಪಾದಳು. ಚಪ್ಪಲಿ ಹೊರಗೆ. ಗ್ಲೌಸು ಹೊಸದು. ಎದೆ ಮೇಲೆ ಹಾಸುವ ಹಾಳೆ ಹೊಸದು. ಬಾಯಿ ಮುಕ್ಕಳಿಸುವ ಕಾಗದದ ಲೋಟವನ್ನಂತೂ ನನ್ನ ಕಣ್ಣೆದುರೇ ಕಟ್ಟಿನಿಂದ ಎಳೆದುಕೊಟ್ಟರು.

ಆಮೇಲೆ ಸಹಾಯಕಿ ತೂತು ತೂತಿನ ಒಂದು ಸ್ಟ್ಯಾಂಡ್ ತಂದಿಟ್ಟಳು. ಒಂದೊಂದು ತೂತಿನಲ್ಲೂ ಒಂದೊಂದು ಬರ್. ಬರ್ ಅಂದರೆ ಹಲ್ಲು ಕೊರೆಯುವ ಪುಟ್ಟ ಕಡ್ಡಿ. ದಪ್ಪ 1.6 ಮಿಲಿಮೀಟರ್, ತುದಿಯಲ್ಲಿ ವಜ್ರದ ಪುಡಿ. ನಿಮಿಷಕ್ಕೆ 3 ಲಕ್ಷಕ್ಕೂ ಜಾಸ್ತಿ ಸುತ್ತು ಸುತ್ತುತ್ತದೆ. ನನ್ನ ಪಾಲಿನ ಬರ್ರಿನ ವಜ್ರ ಅಲ್ಲಲ್ಲಿ ಉದುರಿ ತಲೆ ಬೋಳಾಗಿತ್ತು. ಉಳಿದ ಕಣಗಳ ಸಂದಿಯಲ್ಲಿ ಬಿಳೀ ಪುಡಿ ಕೂತಿತ್ತು. ನನ್ನ ಹಲ್ಲನ್ನು ಇನ್ನೂ ಮುಟ್ಟೇ ಇರಲಿಲ್ಲ!

ಪಕ್ಕದಲ್ಲೇ ಅದರ ಖಾಲಿ ಪ್ಯಾಕೆಟ್ ಬಿದ್ದಿತ್ತು. ಅದರ ಮೇಲೆ 2 ಅನ್ನೋ ಅಂಕಿ, ಸುತ್ತ ಒಂದು ವೃತ್ತ, ನಡುವೆ ಅಡ್ಡಗೆರೆ. ಒಂದು ಸಲ ಬಳಸಿ ಬಿಸಾಡಿ ಅನ್ನೋದರ ಗುರುತು ಅದು. ಸಹಾಯಕಿಯನ್ನು ಕೇಳಿದೆ.

'ಎರಡನೇ ಸಲ ಬಳಸಬೇಡಿ ಅಂತ ಅಷ್ಟೇ ಸಾರ್. ಇದು ಒಂಬತ್ತನೇ ಸಲ.'

ತೊಳೆದು ಮತ್ತೆ ಬಳಸೋಕೆ ಅಂತಲೇ ಮಾಡಿದ ಬರ್ರುಗಳೂ ಇವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಮೊದಲು ಉಜ್ಜಿ ಕೊಳೆ ಬಿಡಿಸಬೇಕು. ಆಮೇಲೆ ಆಟೋಕ್ಲೇವಿಗೆ ಹಾಕಿ 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ ಬೇಯಿಸಬೇಕು. ಆಟೋಕ್ಲೇವು ಬೇರೇನಲ್ಲ, ನಮ್ಮ ಕುಕ್ಕರಿನ ಅಣ್ಣ. ಕೊಳೆ ಅಂಟಿಕೊಂಡಿದ್ದರೆ ಹಬೆ ಅದರ ಕೆಳಗೆ ಮುಟ್ಟೋದೇ ಇಲ್ಲ. ಬರ್ ಮೊಂಡಾದರೆ ಡಾಕ್ಟರು ಒತ್ತಿ ಹಿಡೀಬೇಕು, ಒತ್ತಿದರೆ ಹಲ್ಲು ಕಾಯುತ್ತೆ, ಜಾಸ್ತಿ ಕಾದರೆ ಒಳಗಿನ ನರಕ್ಕೆ ಏಟು. ಆಗ ರೂಟ್ ಕೆನಾಲ್. ಅದಕ್ಕೆ ಬೇರೆ ಬಿಲ್ಲು. ಒಂದು ಮಸಾಲೆ ದೋಸೆ ದುಡ್ಡಿನ ಕಡ್ಡಿ ಉಳಿಸೋದು ಸುಮ್ನೆ ಅಲ್ಲ, ವ್ಯಾಪಾರವೇ.

ನಾನು ಬಾಯಿ ಮುಚ್ಚಿಕೊಂಡೆ. ಅಂದರೆ, ನಿಜವಾಗಿಯೇ ತುಟಿ ಬಿಗಿಹಿಡಿದೆ. 'ಹೊಸದು ಹಾಕೋ ತನಕ ತೆರೆಯಲ್ಲ!'

ಸಿಕ್ಕಿಬಿದ್ದ ಮೇಲೆ ಡಾಕ್ಟರಮ್ಮ ಪುಸ್ತಕದ ಪ್ರಕಾರ ನಡೆಯತೊಡಗಿದರು. ಹೊಸ ಪ್ಯಾಕೆಟ್ ಒಡೆದರು. ನಾನು 'ಆ' ಅಂದೆ. 'ತಡೀರಿ,' ಅಂದರು. ಪ್ಯಾಕೆಟ್ ಮೇಲೆ ಸ್ಟೆರೈಲ್, ಅಂದರೆ ಕ್ರಿಮಿ ಇಲ್ಲದ್ದು, ಅಂತ ಬರೆದಿಲ್ಲವಂತೆ. ಹಾಗಿದ್ದರೆ ಹೊಸ ಬರ್ರನ್ನೂ ಮೊದಲು ಬೇಯಿಸಲೇಬೇಕಂತೆ. ಕಟಿಂಗ್ ಶಾಪಿನಲ್ಲಿ ಇಷ್ಟು ವರ್ಷ ಹೊಸದು ಅಂದಿದ್ದಕ್ಕೇ ಕೊರಳು ಕೊಟ್ಟವನು ನಾನು. ಎದೆ ಮೇಲಿನ ಹಾಳೆ ಸಮೇತ ಹೊರಗೆ ಬಂದು ಮುಕ್ಕಾಲು ಗಂಟೆ ಕಾದೆ.

ಕೆಲಸ ಮುಗಿಯಿತು. ಬಿಲ್ಲು ಬಂತು. ಕೊನೇ ಸಾಲಿನಲ್ಲಿ 'ಹೊಸ ಬರ್, 90 ರೂಪಾಯಿ.'

'ಬ್ಲೇಡ್ ಥರ ಅರ್ಧ ಮುರಿದು ಹಾಕೋಕೆ ಆಗ್ತಿರಲಿಲ್ವಾ?'

'ಆಗಲ್ಲ ಸಾರ್.'

'ಹಾಗಿದ್ರೆ ಆ ಬರ್ ಕೊಡಿ, ದುಡ್ಡು ನಂದಲ್ವಾ?'

ಸಹಾಯಕಿ ಮೂಲೆಯ ಬಿಳೀ ಡಬ್ಬ ತೋರಿಸಿದಳು. 2016ರ ನಿಯಮವಂತೆ, ಚೂಪಾದ ಕಸವೆಲ್ಲ ಅದಕ್ಕೇ ಹೋಗಬೇಕು, ಮನೆಗೆ ಕೊಡೋ ಹಾಗಿಲ್ಲ. ಒಂಬತ್ತು ಸಲ ನೆನಪಾಗದ ನಿಯಮ ಈಗ ನೆನಪಾಗಿತ್ತು.

ನಾನು ಡಬ್ಬದ ಬಾಯಲ್ಲಿ ಇಣುಕಿದೆ. 'ಒಂದೇ ಸಲ ತಾನೇ ಸುತ್ತಿದ್ದು? ಇನ್ನೂ ಹೊಸದರ ಹಾಗೇ ಇದೆ ನೋಡಮ್ಮ. ಬರೋ ವಾರ ನಮ್ಮ ಮನೆಯವಳ ಹಲ್ಲು ತೋರಿಸೋದಿದೆ, ಅವಳಿಗೆ ಆಗುತ್ತೆ.'