ಹತ್ತು ಬೈ ಎಂಟರ ಧರ್ಮ

ಸರ್ಕಲ್ಲಿನಲ್ಲಿ ಗ್ರಂಥದ ಸಾಲಿನ ಫ್ಲೆಕ್ಸು ಕಟ್ಟಿ ಧರ್ಮವನ್ನು ನಿಲ್ಲಿಸಬೇಕೆಂದರೆ ಮೊದಲು ಬೇಕಾದದ್ದು ಎರಡು ಸಿಲ್ವರ್ ಓಕ್ ಗಳ. ಹಾಸನ ಜಿಲ್ಲೆಯಲ್ಲಿ ಇದಕ್ಕೆ ಬರವಿಲ್ಲ. ಆಲೂರು, ಸಕಲೇಶಪುರದ ಕಡೆ ಕಾಫಿ ತೋಟ ಇರುವ ಒಬ್ಬ ಭಕ್ತ ಎಲ್ಲ ಸಮಿತಿಯಲ್ಲೂ ಇರುತ್ತಾನೆ. ನೀಲಗಿರಿಯೂ ಆದೀತು, ಆದರೆ ಒಣಗುತ್ತಾ ಸೀಳು ಬಿಡುತ್ತದೆ, ಮೊಳೆ ಹಿಡಿಯುವುದಿಲ್ಲ. ಯಾವ ಗ್ರಂಥ, ಅದರಲ್ಲಿ ಯಾವ ಸಾಲು ಎಂಬುದೆಲ್ಲ ಆಮೇಲಿನ ಮಾತು. ಬಹುಪಾಲು ಸಮಿತಿಗಳಿಗೆ ಅದು ನೆನಪಾಗುವುದೇ ಗಳ ನೆಟ್ಟ ಮೇಲೆ.

ತಾಲೂಕು ಕೇಂದ್ರಗಳಲ್ಲಿ ರೂಢಿಯಾಗಿರುವ ಅಳತೆ ಹತ್ತು ಬೈ ಎಂಟು. ಅಂದರೆ ಎಂಬತ್ತು ಚದರಡಿ. ಸಾದಾ ಫ್ಲೆಕ್ಸಿಗೆ ಚದರಡಿಗೆ ಹತ್ತು-ಹನ್ನೆರಡು ರೂಪಾಯಿಯ ಆಸುಪಾಸು ಹಿಡಿದರೂ ಸಾವಿರದೊಳಗೆ ಕೆಲಸ ಮುಗಿಯುತ್ತದೆ. ಇಷ್ಟು ಅಗ್ಗದಲ್ಲಿ ಇಷ್ಟೊಂದು ಪೊಲೀಸರನ್ನು ಊರಿಗೆ ಕರೆಸುವ ಇನ್ನೊಂದು ಉಪಾಯ ಇನ್ನೂ ಹುಟ್ಟಿಲ್ಲ.

ಈ ಎಂಬತ್ತು ಚದರಡಿ ಹಂಚಿಕೆಯಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೇಲ್ಗಡೆ ಒಂದಡಿ ಪಟ್ಟಿ ಸಮಿತಿಯ ಹೆಸರಿಗೆ: ಹತ್ತು ಚದರಡಿ. ಕೆಳಗಡೆ ಒಂದೂವರೆ ಅಡಿ ಪಟ್ಟಿ ಶುಭ ಕೋರುವವರ ದುಂಡು ದುಂಡು ಮುಖಗಳಿಗೆ: ಹದಿನೈದು. ಎಡಕ್ಕೊಬ್ಬ, ಬಲಕ್ಕೊಬ್ಬ ನಾಯಕ, ಬಿಳಿ ಅಂಗಿ, ಕೈ ಮುಗಿದ ಭಂಗಿ, ತಲಾ ಎರಡೂವರೆ ಅಡಿ ಅಗಲ, ಐದೂವರೆ ಅಡಿ ಎತ್ತರ: ಇಬ್ಬರಿಗೂ ಸೇರಿ ಇಪ್ಪತ್ತೇಳೂವರೆ. ನಡುವೆ ದೇವರಿಗೋ, ದೇವರ ಚಿತ್ರ ಹಾಕದ ಮತವಾದರೆ ಗುಮ್ಮಟಕ್ಕೋ ಹದಿನೇಳೂವರೆ. ಇಷ್ಟು ಕಳೆದು ಉಳಿಯುವುದು ಐದಡಿ ಅಗಲ, ಎರಡಡಿ ಎತ್ತರದ ಒಂದು ತುಂಡು. ಹತ್ತೇ ಚದರಡಿ. ಗ್ರಂಥ ಅಲ್ಲಿಗೆ. ಎಂಟನೇ ಒಂದು ಪಾಲು ಧರ್ಮ, ಉಳಿದ ಏಳು ಪಾಲಿನಲ್ಲಿ ಅದನ್ನು ಕಾಪಾಡುವವರು.

ಅನುಷ್ಟುಪ್ ಶ್ಲೋಕವಾದರೆ ಸಾಲಿಗೆ ಹದಿನಾರು ಅಕ್ಷರ. ಐದಡಿಯಲ್ಲಿ ಹದಿನಾರು ಕೂರಿಸಿದರೆ ಒಂದೊಂದಕ್ಕೆ ನಾಲ್ಕು ಇಂಚೂ ದಕ್ಕುವುದಿಲ್ಲ. ಬೋರ್ಡು ಬರೆಯುವವರ ಹಳೇ ಲೆಕ್ಕದಲ್ಲಿ ಒಂದಿಂಚು ಅಕ್ಷರ ಆರಾಮಾಗಿ ಓದಲು ಹತ್ತಡಿ ದೂರ. ಹಾಗಾಗಿ ಸರ್ಕಲ್ಲಿನ ಆಚೆ ಬದಿ ಬಸ್ಸು ಕಾಯುತ್ತಾ ನಿಂತವರಿಗೆ ನಾಯಕರ ಮೀಸೆ ಎಣಿಸಲು ಸಿಗುತ್ತದೆ, ಶ್ಲೋಕ ಇರುವೆ ಸಾಲಿನಂತೆ ಕಾಣುತ್ತದೆ. ಕೆಳಗೇ ಬಂದು ನಿಂತರೆ ಓದಬಹುದು. ಆದರೆ ಕತ್ತೆತ್ತಿ ಅಲ್ಲಿ ನಿಂತವರನ್ನು ಈಗೀಗ ಎರಡೂ ಮತದ ಕಡೆಯವರು ಅನುಮಾನದಿಂದ ನೋಡುತ್ತಾರೆ.

ಓದುವವರಿಲ್ಲ ಎಂಬ ಧೈರ್ಯ ಅಚ್ಚಿನವರಿಗೂ ಇದೆ. ಸಾಲು ವಾಟ್ಸಾಪಿನಲ್ಲಿ ಯೂನಿಕೋಡಾಗಿ ಬಂದಿರುತ್ತದೆ. ಅಂಗಡಿಯ ಹಳೇ ಫೋಟೋಶಾಪಿಗೆ ಹಾಗೇ ತಂದು ಅಂಟಿಸಿದರೆ ಒತ್ತಕ್ಷರಗಳು ಒಡೆಯುತ್ತವೆ. ‘ರಕ್ಷತಿ’ ಹೋಗಿ ‘ರಕ್‌ಷತಿ’. ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಬೇಕು, ಇಲ್ಲವೇ ಸಾಲನ್ನು ಯೂನಿಕೋಡಲ್ಲದ ಹಳೇ ನುಡಿ ಫಾಂಟಿಗೆ ಪರಿವರ್ತಿಸಿ ತರಬೇಕು. ಎರಡು ನಿಮಿಷದ ಕೆಲಸ. ‘ಅಣ್ಣ, ಅಕ್ಷರ ಒಡೀತಾ ಐತೆ’ ಎಂದು ಹುಡುಗ ಕೇಳಿದರೆ ಬರುವ ಉತ್ತರ: ‘ಅದ್ನ್ ಯಾರ್ ಓದ್ತಾರೆ ಬುಡ್ಲಾ, ಫೋಟೊ ಕ್ಲಿಯರಾಗಿ ಬರ್ಲಿ.’ ಅರ್ಕಾವತ್ತಿನ ಕೀಲಿ ಸಿಗದಿದ್ದರೆ ಹುಡುಗ ಒಂಬತ್ತರ ಅಂಕಿ ಒತ್ತುತ್ತಾನೆ. ಧಮ೯. ಹಾಗಾಗಿ ಜಿಲ್ಲೆಯ ಅರ್ಧ ಧರ್ಮ ಈಗ ಅಂಕಿಯಲ್ಲಿದೆ. ಅರಬ್ಬಿ ಸಾಲಾದರೆ ಅದೇ ಫೋಟೋಶಾಪು ಅಕ್ಷರಗಳನ್ನು ಹಿಂದುಮುಂದು ಮಾಡಿ, ಕೈ ಕೈ ಹಿಡಿದು ನಿಲ್ಲಬೇಕಾದವನ್ನು ಬಿಡಿಬಿಡಿಯಾಗಿ ನಿಲ್ಲಿಸುತ್ತದೆ. ಈ ವಿಷಯದಲ್ಲಿ ಕಂಪ್ಯೂಟರು ಪೂರಾ ಜಾತ್ಯತೀತ.

ಇನ್ನು ಸಾಲಿನ ಆಯ್ಕೆ. ಅತಿ ಹೆಚ್ಚು ಬೇಡಿಕೆ ‘ಧರ್ಮೋ ರಕ್ಷತಿ ರಕ್ಷಿತಃ’ಕ್ಕೆ. ಅದರ ಮುಂಚಿನ ಅರ್ಧ, ‘ಧರ್ಮ ಏವ ಹತೋ ಹಂತಿ’, ಜಾಗ ಸಾಲದೆಂದು ಯಾವಾಗಲೂ ಬಿಟ್ಟುಹೋಗುತ್ತದೆ. ಮನುಸ್ಮೃತಿಯಲ್ಲಿ ಇದು ಬರುವುದು ಎಂಟನೇ ಅಧ್ಯಾಯದಲ್ಲಿ, ನ್ಯಾಯಸಭೆಯ ಪ್ರಕರಣದಲ್ಲಿ. ಕಣ್ಣೆದುರೇ ಸುಳ್ಳು ನಿಜವನ್ನು ಕೊಲ್ಲುತ್ತಿರುವಾಗ ಸುಮ್ಮನೆ ಕೂತ ಸಭಾಸದರಿಗೆ ಹೇಳಿದ ಮಾತಿನ ಬೆನ್ನಿಗೇ. ಸುಳ್ಳು ದೂರು ಬರೆಸುವ ಮುನ್ನ ಓದಿಕೊಳ್ಳಲು ಹೇಳಿ ಮಾಡಿಸಿದಂಥದ್ದು. ಆಚೆ ಬದಿಯ ಬೋರ್ಡಿಗೆ ಒಪ್ಪುವಂಥದ್ದು ಕುರಾನಿನ 109ನೇ ಅಧ್ಯಾಯದ ಕೊನೆಯ ಸಾಲು, ‘ನಿಮಗೆ ನಿಮ್ಮ ಧರ್ಮ, ನನಗೆ ನನ್ನ ಧರ್ಮ’ ಎಂಬ ಅರ್ಥದ್ದು. ಅದನ್ನೂ ಎದುರಿನವರಿಗಿಂತ ಅರ್ಧ ಅಡಿ ಎತ್ತರಕ್ಕೇ ಕಟ್ಟಬೇಕೆಂದು ಹಟ ಹಿಡಿದು ಕೂರುತ್ತಾರೆ. ಬೀದಿಯ ಮೂಲೆಯಲ್ಲಿ ನಿಂತು ನಾಲ್ಕು ಜನರಿಗೆ ಕಾಣುವಂತೆ ಪ್ರಾರ್ಥನೆ ಮಾಡಬೇಡಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಎಂದು ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದಲ್ಲಿದೆ. ಅದನ್ನು ಬೀದಿಯ ಮೂಲೆಯಲ್ಲಿ ಹಾಕಿಸಲು ಪಾಪ, ಯಾರಿಗೂ ಧೈರ್ಯ ಬಂದಿಲ್ಲ. ಬಸವಣ್ಣನವರ ‘ತನ್ನ ಬಣ್ಣಿಸಬೇಡ’ಕ್ಕೆ ಆ ಮುಜುಗರವೂ ಇಲ್ಲ. ಜಯಂತಿಗೆ ತಪ್ಪದೆ ಬರುತ್ತದೆ, ಹಾಕಿಸಿದವರ ಐದೂವರೆ ಅಡಿ ಫೋಟೊದ ಪಕ್ಕದಲ್ಲೇ.

ಅನುಮತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸೇ 2016ರಿಂದ ನಿಷಿದ್ಧ. ಕಂಡಕಂಡಲ್ಲಿ ಅಂಟಿಸಿ ಊರನ್ನು ವಿರೂಪಗೊಳಿಸದಂತೆ ತಡೆಯಲು 1981ರ ಕಾಯ್ದೆ ಇದೆ. ರಸ್ತೆ, ಫುಟ್‌ಪಾತುಗಳ ಮೇಲೆ ಪ್ರತಿಮೆ ನಿಲ್ಲಿಸಲು ಬಿಡಬೇಡಿ ಎಂದು ಸುಪ್ರೀಂ ಕೋರ್ಟು 2013ರ ಜನವರಿಯಲ್ಲೇ ರಾಜ್ಯಗಳಿಗೆಲ್ಲ ಹೇಳಿದೆ. ಎದುರು ಪಕ್ಷದ ಮೇಲೆ ಕೊಡುವ ದೂರಿನಲ್ಲಿ ಇವು ಯಾವುವೂ ಇರುವುದಿಲ್ಲ. ಇದ್ದರೆ ತಮ್ಮದೂ ಇಳಿಯುತ್ತದಲ್ಲ.

ಹೀಗೆ ನಿಂತ ಬೋರ್ಡು ಆಷಾಢದವರೆಗೆ ನಿಲ್ಲುತ್ತದೆ. ಎಂಬತ್ತು ಚದರಡಿ ಫ್ಲೆಕ್ಸು ಗಾಳಿಯ ಕಣ್ಣಿಗೆ ಹಾಯಿಪಟ. ಗಂಟೆಗೆ 50 ಕಿ.ಮೀ. ಗಾಳಿ ನೇರ ಬಂದು ಬಡಿದರೆ ಸುಮಾರು ನೂರು ಕೆ.ಜಿ. ಭಾರ ಒರಗಿದಷ್ಟು ಒತ್ತಡ. ಘಟ್ಟದ ಕಡೆಯಿಂದ ಮಳೆಯ ಜೊತೆ ಬೀಸುವಾಗ ಅಷ್ಟು ಬರುವುದು ದೊಡ್ಡ ವಿಷಯವಲ್ಲ. ಗಳವನ್ನು ಎರಡೂವರೆ ಅಡಿಯಾದರೂ ಹೂಳಬೇಕು. ಆದರೆ ಒಂದೂವರೆ ಅಡಿಗೆ ಕುಡಿಯುವ ನೀರಿನ ಪೈಪು ಸಿಗುವುದರಿಂದ ಅಲ್ಲಿಗೇ ನಿಲ್ಲಿಸಿ ಸುತ್ತ ಕಲ್ಲು ಗಿಡಿಯುತ್ತಾರೆ. ಗಾಳಿ ನುಸುಳಿ ಹೋಗಲೆಂದು ಫ್ಲೆಕ್ಸಿನಲ್ಲಿ ಅಲ್ಲಲ್ಲಿ ಗೇಣಗಲದ ಕಿಂಡಿ ಕುಯ್ಯುವುದು ಕಸುಬುದಾರರ ಕ್ರಮ. ಇಲ್ಲಿ ಅದು ನಡೆಯುವುದಿಲ್ಲ. ಒಂದು, ಪವಿತ್ರ ವಾಕ್ಯಕ್ಕೆ ಬ್ಲೇಡು ತಾಗಿಸುವವರು ಯಾರು? ನಾಯಕರ ಹೊಟ್ಟೆಗೆ ತಾಗಿಸುವವರಂತೂ ಇಲ್ಲವೇ ಇಲ್ಲ. ಎರಡು, ಆ ಕಿಂಡಿಯ ಆಕಾರ ಅರ್ಧಚಂದ್ರ. ಒಂದು ಕಡೆಯ ಬೋರ್ಡಿನಲ್ಲಿ ಹಾಗೆ ಕುಯ್ದು ನೋಡಿ. ಅದು ಶಿವನ ತಲೆಯ ಮೇಲಿನದು ಎಂದು ಸಮಜಾಯಿಷಿ ಕೊಡುವಷ್ಟರಲ್ಲಿ ಅಂಗಡಿಗಳ ಷಟರ್ ಇಳಿದಿರುತ್ತವೆ.

ಆದ್ದರಿಂದ ಒಂದು ರಾತ್ರಿ ಬೋರ್ಡು ಹರಿಯುತ್ತದೆ. ಬೆಳಗ್ಗೆ ಆರಕ್ಕೆ ಹಾಲಿನವನು ನೋಡುತ್ತಾನೆ, ಆರೂವರೆಗೆ ಫೋಟೊ ಗ್ರೂಪಿಗೆ ಬೀಳುತ್ತದೆ, ಏಳಕ್ಕೆ ‘ಕಿಡಿಗೇಡಿಗಳು’ ಎಂಬ ಪದ ಟೈಪಾಗುತ್ತದೆ. ಅಲ್ಲಿಗೆ ತನಿಖೆ ಮುಗಿಯಿತು.

ನಿಜಕ್ಕೂ ತಿಳಿಯಬೇಕೆಂದಿದ್ದರೆ ಹರಿದ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರೆ ಸಾಕು. ಫ್ಲೆಕ್ಸೆಂದರೆ ಎರಡು ಪ್ಲಾಸ್ಟಿಕ್ ಪದರದ ನಡುವೆ ಒಂದು ನೂಲಿನ ಬಲೆ. ಗಾಳಿಗೆ ಹರಿದರೆ ಹರಕು ಶುರುವಾಗುವುದು ಮೂಲೆಯಲ್ಲಿ ಹಗ್ಗ ಪೋಣಿಸುವ ಬಳೆ, ಅಂದರೆ ಐಲೆಟ್ಟಿನಿಂದ ಅಥವಾ ಮೊಳೆಯ ತೂತಿನಿಂದ. ಅಂಚು ಜೂಲುಜೂಲು, ನೂಲು ಎಳೆದುಕೊಂಡು ಗಡ್ಡದಂತೆ ಆಚೆ ಚಾಚಿರುತ್ತದೆ. ಬ್ಲೇಡಿನಲ್ಲಿ ಕುಯ್ದದ್ದಾದರೆ ನೂಲೂ ಪದರವೂ ಒಂದೇ ಗೆರೆಗೆ ಕಡಿದಿರುತ್ತವೆ, ಹರಕು ಸಾಮಾನ್ಯವಾಗಿ ಯಾರದೋ ಮುಖದ ಮೇಲಿರುತ್ತದೆ. ಮೇಕೆ ತಿಂದದ್ದು ಕೆಳಗಿನ ಅಂಚಿನಲ್ಲಿ, ಮೂರಡಿ ಎತ್ತರದೊಳಗೆ. ಈ ಮೂರು ಬಗೆ ಶಾಮಿಯಾನ ಹಾಕುವ ಹುಡುಗನಿಗೂ ಗೊತ್ತು. ಮಹಜರಿಗೆ ಮಾತ್ರ ಅವನನ್ನು ಕರೆಯುವುದಿಲ್ಲ. ಗಾಳಿಯನ್ನು ಆರೋಪಿ ಮಾಡಿದರೆ ಯಾವ ಸಂಘಟನೆಗೂ ಪ್ರಯೋಜನವಿಲ್ಲ. ಅದಕ್ಕೆ ಜಾತಿಯಿಲ್ಲ, ವಾರ್ಡಿಲ್ಲ, ಮೊಬೈಲ್ ಲೊಕೇಶನ್ನೂ ಇಲ್ಲ. ದೂರಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ 299 (ಧಾರ್ಮಿಕ ಭಾವನೆಗೆ ಧಕ್ಕೆ), 196 (ಗುಂಪುಗಳ ನಡುವೆ ದ್ವೇಷ) ಸೇರುತ್ತವೆ, ಊರಿಗೆ ನಾಗರಿಕ ಸುರಕ್ಷಾ ಸಂಹಿತೆಯ 163ರ ನಿಷೇಧಾಜ್ಞೆ ಬರುತ್ತದೆ. ಜನ ಮಾತ್ರ ಇನ್ನೂ ‘ಒನ್ ಫಾರ್ಟಿ ಫೋರ್ ಹಾಕವ್ರಂತೆ’ ಎನ್ನುತ್ತಾರೆ. ಹೊಸ ನಂಬರು ಬಾಯಿಗೆ ಕೂರುವಷ್ಟು ಹಳೆಯದಾಗಿಲ್ಲ.

ಆಮೇಲೆ ಶಾಂತಿ ಸಭೆ. ತಾಲೂಕು ಕಚೇರಿಯಲ್ಲಿ, ‘ಕರ್ಮಣ್ಯೇವಾಧಿಕಾರಸ್ತೇ’ ಫಲಕದ ಕೆಳಗೆ. ಫಲದ ಆಸೆ ಇಟ್ಟುಕೊಳ್ಳಬೇಡ ಎಂಬ ಆ ಸಾಲನ್ನು ಅರ್ಜಿ ಹಿಡಿದು ಬಂದವರು ತಮಗೇ ಹೇಳಿದ್ದೆಂದು ಎಂದೋ ಒಪ್ಪಿಕೊಂಡಿದ್ದಾರೆ. ಟೀ, ಖಾರ ಬನ್ನು ಬರುತ್ತವೆ. ಎರಡೂ ಕಡೆಯವರು ಒಂದೇ ತಟ್ಟೆಗೆ ಕೈ ಹಾಕುತ್ತಾರೆ, ಅದರಲ್ಲಿ ತಕರಾರಿಲ್ಲ. ತೀರ್ಮಾನ ಪ್ರತಿ ಸಲವೂ ಒಂದೇ: ಇಬ್ಬರಿಗೂ ಒಂದೇ ಅಳತೆ, ಒಂದೇ ಎತ್ತರ, ಹದಿನೈದೇ ದಿನ. ಮರುದಿನ ಪುರಸಭೆಯ ಪೌರಕಾರ್ಮಿಕರೊಬ್ಬರು ಟೇಪು ಹಿಡಿದು ಏಣಿ ಹತ್ತಿದಾಗ ಹೊಸ ಪ್ರಶ್ನೆ ಏಳುತ್ತದೆ. ಎತ್ತರವನ್ನು ರಸ್ತೆಯಿಂದ ಅಳೆಯಬೇಕೋ ಫುಟ್‌ಪಾತಿನಿಂದಲೋ? ಸರ್ಕಲ್ಲಿನ ಒಂದು ಬದಿ ಇಳಿಜಾರು, ಹೀಗಾಗಿ ಒಂದು ಧರ್ಮ ಏಳು ಇಂಚು ಕೆಳಗೆ. ‘ನಾವೇನ್ ತಗ್ಗಿನಲ್ಲಿರೋರಾ ಸಾರ್?’ ಇಷ್ಟು ಹೊತ್ತಿಗೆ ಕನ್ನಡದ ಬಾವುಟ ಹಿಡಿದ ಮೂರನೆಯವರು ಬಂದು, 2024ರ ಕಾನೂನಿನಂತೆ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕಲ್ಲವೇ ಎನ್ನುತ್ತಾರೆ. ಆ ಕಾನೂನು ಅಂಗಡಿ-ಮುಂಗಟ್ಟು, ಸಂಸ್ಥೆಗಳ ಬೋರ್ಡಿಗೆ ಮಾಡಿದ್ದು. ಆದರೂ ಕನ್ನಡ ಲಿಪಿಯಲ್ಲಿ ಬರೆದ ಸಂಸ್ಕೃತ ಯಾವ ಅರವತ್ತಕ್ಕೆ ಸೇರುತ್ತದೆ ಎಂಬುದು ಸಭೆಗೆ ಬಂದ ಒಂದೇ ಒಂದು ಒಳ್ಳೆಯ ಪ್ರಶ್ನೆ. ಮುಂದಿನ ಸಭೆಗೆ ಹೋಗುತ್ತದೆ.

ಟೇಪು ಹಿಡಿದು ದೇವರನ್ನು ಅಳೆಯುವುದು ನಮ್ಮೊಬ್ಬರ ಕಸುಬಲ್ಲ. ಅಮೆರಿಕದ ಕೆಂಟಕಿ ರಾಜ್ಯ ಪ್ರತಿ ತರಗತಿಯಲ್ಲಿ ಬೈಬಲ್ಲಿನ ದಶಾಜ್ಞೆಗಳನ್ನು 16 ಬೈ 20 ಇಂಚಿನಲ್ಲಿ ತೂಗುಹಾಕಬೇಕೆಂದು ಕಾನೂನು ಮಾಡಿ, ಇದು ಧಾರ್ಮಿಕ ಉದ್ದೇಶಕ್ಕಲ್ಲ ಎನ್ನುವ ಧಾಟಿಯ ಟಿಪ್ಪಣಿಯನ್ನು ಸಣ್ಣ ಅಕ್ಷರದಲ್ಲಿ ಕೆಳಗೆ ಹಾಕಿಸಿತ್ತು. 1980ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇಳಿಸಿತು. 2024ರಲ್ಲಿ ಲೂಸಿಯಾನಾ 11 ಬೈ 14 ಇಂಚಿಗೆ ಇಳಿದು ಮತ್ತೆ ಶುರು ಮಾಡಿತು. 2005ರ ಜೂನ್ 27ರಂದು ಅದೇ ಸುಪ್ರೀಂ ಕೋರ್ಟು ಒಂದೇ ದಿನ ಎರಡು ತೀರ್ಪು ಕೊಟ್ಟಿತು: ಕೆಂಟಕಿಯ ಕೋರ್ಟುಗಳ ಗೋಡೆಯ ಮೇಲಿನ ದಶಾಜ್ಞೆ ತಪ್ಪು, ಟೆಕ್ಸಸ್ ಶಾಸನಸಭೆಯ ಅಂಗಳದ ಆರಡಿ ಕಲ್ಲಿನ ದಶಾಜ್ಞೆ ಸರಿ. ಎರಡೂ ಐದಕ್ಕೆ ನಾಲ್ಕು ನ್ಯಾಯಮೂರ್ತಿಗಳ ಮತದಲ್ಲಿ. ನಲವತ್ತು ವರ್ಷದಿಂದ ನಿಂತಿದೆ, ಯಾರೂ ತಕರಾರೆತ್ತಿಲ್ಲ ಎಂಬುದು ಕಲ್ಲಿನ ಪರವಾಗಿ ಗಟ್ಟಿ ವಾದವಾಯಿತು. ನಮ್ಮ ಪುರಸಭೆಯ ಒತ್ತುವರಿದಾರರೂ ಇದನ್ನೇ ಹೇಳುತ್ತಾ ಬಂದಿರುವುದು. ಅತ್ಯಂತ ಆಪ್ತವೆನಿಸುವುದು ಓಕ್ಲಹೋಮಾದ ಪ್ರಕರಣ. 2012ರಲ್ಲಿ ಶಾಸನಸಭೆಯ ಅಂಗಳದಲ್ಲಿ ನಿಲ್ಲಿಸಿದ ದಶಾಜ್ಞೆಯ ಕಲ್ಲಿನಲ್ಲಿ ‘ಸಬ್ಬತ್’ ಪದದ ಕಾಗುಣಿತವೇ ತಪ್ಪಿತ್ತು. ಧಮ೯ ಅಲ್ಲೂ ಇದೆ! ಅವರದಕ್ಕೆ ಜಾಗ ಕೊಟ್ಟರೆ ನಮಗೂ ಕೊಡಿ ಎಂದು ಸೈತಾನನ ಮೂರ್ತಿ ಇಡುವವರು ಅರ್ಜಿ ಹಾಕಿದರು, ಬೆನ್ನಿಗೇ ಹನುಮಂತನ ವಿಗ್ರಹಕ್ಕೂ ಬೇಡಿಕೆ ಹೋಯಿತು. 2015ರಲ್ಲಿ ಕೋರ್ಟಿನ ಆದೇಶದಂತೆ ಕಲ್ಲನ್ನು ರಾತ್ರೋರಾತ್ರಿ ಸಾಗಿಸಿದರು. ರಾತ್ರಿಯೇ ಏಕೆಂದು ನಮ್ಮ ಕಡೆಯ ತಹಶೀಲ್ದಾರರಿಗೆ ವಿವರಿಸಬೇಕಾಗಿಲ್ಲ.

ಕಲ್ಲಿನ ಮಾತು ಬಂದಾಗ ಹಾಸನ ಜಿಲ್ಲೆಯವರು ಓಕ್ಲಹೋಮಾಕ್ಕೆ ಹೋಗಬೇಕಿಲ್ಲ. ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನ, ಸುಮಾರು ಕ್ರಿ.ಶ. 450ರದ್ದು, ಶುರುವಾಗುವುದು ವಿಷ್ಣುವಿನ ಸ್ತುತಿಯಿಂದಲೇ. ಸಾರ್ವಜನಿಕ ಜಾಗ, ಧಾರ್ಮಿಕ ವಾಕ್ಯ, ಎಲ್ಲ ಇದೆ. ದಾನ ಕೊಟ್ಟವರ ಫೋಟೊ ಇಲ್ಲ. ಹದಿನಾರು ಸಾಲಿನಲ್ಲಿ ದೇವರಿಗೆ ಆರಂಭದ ಒಂದು ಶ್ಲೋಕ, ಮಿಕ್ಕದ್ದು ಯಾರಿಗೆ ಯಾವ ಊರು ಬಿಟ್ಟುಕೊಟ್ಟಿತೆಂಬ ಲೆಕ್ಕ, ಕದ್ದವನು ಮಹಾಪಾತಕಿ ಎಂಬ ಎಚ್ಚರಿಕೆ. ಶ್ರವಣಬೆಳಗೊಳದಲ್ಲಿ 1368ರ ಬುಕ್ಕರಾಯನ ಶಾಸನ ಇದೆ, ಅದಂತೂ ಶಾಂತಿ ಸಭೆಯದ್ದೇ ನಡಾವಳಿ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ. ಗ್ರಂಥದ ಸಾಲಿಗಲ್ಲ, ಪಂಚಮಹಾವಾದ್ಯ, ಕಳಶದ ಮರ್ಯಾದೆಗೆ. ಆಗಲೂ ತಕರಾರು ಡೋಲಿನದೇ. ಅರಸ ಜೈನರ ಕೈಯನ್ನು ವೈಷ್ಣವರ ಕೈಗಿಟ್ಟು, ಎರಡು ದರ್ಶನಕ್ಕೆ ಭೇದವಿಲ್ಲ ಎಂದ. ಅಷ್ಟಕ್ಕೇ ಬಿಡಲಿಲ್ಲ. ಜೈನರು ಮನೆಗೆ ವರ್ಷಕ್ಕೊಂದು ಹಣ (ಆ ಕಾಲದ ನಾಣ್ಯ) ಕೊಡುವುದು, ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡುವುದು, ಮಿಕ್ಕ ದುಡ್ಡಿನಲ್ಲಿ ಬಸದಿಗಳಿಗೆ ಸುಣ್ಣ ಬಳಿಸುವುದು, ಈ ಶಾಸನವನ್ನು ಬಸದಿಗಳಲ್ಲಿ ವೈಷ್ಣವರೇ ನಿಲ್ಲಿಸುವುದು. ಅವನ ಕಾಲದಲ್ಲಿ ಬೋರ್ಡು ನಿಲ್ಲಿಸುವ ಕೆಲಸ ಎದುರು ಪಕ್ಷದ್ದು. ಈ ಕಲಮನ್ನು ಈಗಿನ ಸಭೆಯಲ್ಲಿ ಮಂಡಿಸಿದರೆ ಖಾರ ಬನ್ನು ತಟ್ಟೆಯಲ್ಲೇ ಉಳಿದೀತು.

ನಮ್ಮ ಫ್ಲೆಕ್ಸಿಗೆ ಅಷ್ಟು ಆಯುಸ್ಸಿಲ್ಲ. ಬಿಸಿಲಿಗೆ ಮೊದಲು ಹಾರುವುದು ಹಳದಿ ಮತ್ತು ಕೆಂಪು ಶಾಯಿ. ಆರೆಂಟು ತಿಂಗಳಲ್ಲಿ ಕೇಸರಿ ಬಿಳಿಚಿಕೊಳ್ಳುತ್ತದೆ, ಹಸಿರು ನೀಲಿಗೆ ತಿರುಗುತ್ತದೆ, ನಾಯಕರು ಮಾತ್ರ ಎರಡೂ ಕಡೆ ಒಂದೇ ನಮೂನೆ ಹೆಣದ ಬಣ್ಣಕ್ಕೆ ಬರುತ್ತಾರೆ. ಹದಿನೈದು ದಿನದ ಗಡುವು ಮುಗಿದು ಎಷ್ಟೋ ಕಾಲವಾದ ಮೇಲೆ ಒಂದು ಬೆಳಗ್ಗೆ ಬೋರ್ಡು ಕಾಣುವುದಿಲ್ಲ. ಈ ಸಲ ಯಾರೂ ದೂರು ಕೊಡುವುದಿಲ್ಲ, ಏಕೆಂದರೆ ಒಯ್ದವರು ಎಲ್ಲರಿಗೂ ಗೊತ್ತು. ಶುಂಠಿ ಕಿತ್ತ ರಾಶಿಗೆ, ಹುಲ್ಲಿನ ಮೆದೆಗೆ, ಕೊಟ್ಟಿಗೆಯ ಸೂರಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಎಂಬತ್ತು ಚದರಡಿ ಎರಡು ಹಸು, ಒಂದು ಕರುವಿಗೆ ಸಾಕು. ದೇವರ ಮೇಲೆ ಮಳೆ ಬೀಳಬಾರದೆಂದು ಅಚ್ಚಿನ ಮುಖವನ್ನು ಒಳಕ್ಕೆ ಮಾಡಿ ಕಟ್ಟುತ್ತಾರೆ. ಕರುವಿನ ಮೂತಿಗೂ ಅಕ್ಷರಕ್ಕೂ ಆಗ ಮೂರಡಿ ಅಂತರ. ಆರಾಮಾಗಿ ಓದಬಹುದು.