ಕಹಿ ಕಡಲೆಬೀಜ, ಚಿಕ್ಕಮ್ಮನ ಕೀಮೋ ಮತ್ತು ಲಿವರ್ ತೊಳೆಯುವ ಜ್ಯೂಸ್

ಫ್ಯಾಮಿಲಿ ಗ್ರೂಪಿಗೆ ನಿನ್ನೆ ಮತ್ತೆ ಬಂತು, ಬೀಟ್‌ರೂಟು ನೆಲ್ಲಿಕಾಯಿ ಹಾಕಿದ 'ಲಿವರ್ ಕ್ಲೀನ್' ಜ್ಯೂಸ್. ರುಚಿಗೆ ಕುಡಿಯಿರಿ, ನನ್ನ ತಕರಾರಿಲ್ಲ. ಆದರೆ ಲಿವರನ್ನು ಕಾಫಿ ಸೋಸುವ ಬಟ್ಟೆ ಅಂದುಕೊಂಡು ಹಿಂಡಿ ತೊಳೆಯಲು ಹೊರಟರೆ ನಗು ಬರುತ್ತದೆ. ಅದು ಅಡುಗೆಮನೆ ಮಾರಾಯ್ರೆ! ಬೇಡದ್ದನ್ನು ನೀರಲ್ಲಿ ಕರಗುವ ಹಾಗೆ ಬೇಯಿಸಿ ಮೂತ್ರಕ್ಕೋ ಪಿತ್ತರಸಕ್ಕೋ ಸಾಗಿಸುವುದು ಅದರ ಕೆಲಸ. ಕೆಲವು ಸಲ ಬೇಯಿಸಿದ ಮೇಲೇ ಪದಾರ್ಥ ವಿಷವಾಗುತ್ತದೆ.

ಬೂಷ್ಟು ಹಿಡಿದ ಕಡಲೆಬೀಜವನ್ನೇ ನೋಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಮೇವಿನ ಕಡಲೆಕಾಯಿ ಹಿಂಡಿಯಲ್ಲಿ ಸಿಕ್ಕಿಬಿದ್ದ ವಿಷ ಇದು. ಹೊಟ್ಟೆಗೆ ಹೋದಾಗ ಅದು ಡಿಎನ್‌ಎ ತಂಟೆಗೆ ಹೋಗುವುದಿಲ್ಲ. ಲಿವರ್‌ನ ಪಿ450 ಕಿಣ್ವಗಳು ಅದಕ್ಕೊಂದು ಆಮ್ಲಜನಕ ಅಂಟಿಸುತ್ತವೆ, ಆಗ ಡಿಎನ್‌ಎಗೆ ಕಚ್ಚಿಕೊಳ್ಳುತ್ತದೆ. ಗ್ಲುಟಾಥಿಯಾನ್ ಅನ್ನುವ ವಸ್ತು ಅಡ್ಡ ಬಂದು ಹಿಡಿದರೆ ಬಚಾವ್. ಜೊತೆಗೆ ಹೆಪಟೈಟಿಸ್ ಬಿ ಇದ್ದವರಿಗಂತೂ ಲಿವರ್ ಕ್ಯಾನ್ಸರಿನ ಅಪಾಯ ತುಂಬಾ ಜಾಸ್ತಿ.

ಇದೇ ಕೆಲಸವನ್ನು ಡಾಕ್ಟರುಗಳು ಬೇಕೆಂದೇ ಮಾಡಿಸುತ್ತಾರೆ. ಚಿಕ್ಕಮ್ಮನಿಗೆ ಕೀಮೋ ಕೊಡುವಾಗ ಪಕ್ಕದಲ್ಲಿ ಕೂತಿದ್ದೆ. ಕೆಂಪು ಔಷಧಿ ಮುಗಿದು ಎರಡನೇ ಬಾಟಲಿ ಏರಿತು, ಸೈಕ್ಲೋಫಾಸ್ಫಮೈಡ್. "ನೀರು ಕುಡೀತಾ ಇರಿ ಅಮ್ಮ, ಬಂದ್ರೆ ತಡ್ಕೋಬೇಡಿ" ಅಂತ ನರ್ಸ್ ಹತ್ತು ಸಲ ಹೇಳಿದರು. ಚಿಕ್ಕಮ್ಮನಿಗೋ ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಹೋಗಲು ನಾಚಿಕೆ. ಆಮೇಲೆ ಓದಿ ತಿಳಿದುಕೊಂಡೆ. ಆ ಔಷಧಿಗೆ ಬಾಟಲಿಯಲ್ಲಿ ಶಕ್ತಿಯೇ ಇಲ್ಲ, ಲಿವರ್ ಅದನ್ನು ಒಡೆಯಬೇಕು. ಒಡೆದಾಗ ಒಂದು ತುಂಡು ಕ್ಯಾನ್ಸರ್ ಕೋಶ ಕೊಲ್ಲುತ್ತದೆ, ಇನ್ನೊಂದು ತುಂಡು ಅಕ್ರೋಲಿನ್, ಮೂತ್ರಕೋಶ ಸುಡುತ್ತದೆ. ಎಣ್ಣೆ ಕಾದು ಹೊಗೆಯೆದ್ದಾಗ ಕಣ್ಣು ಉರಿಸುವ ಘಾಟಿನಲ್ಲೂ ಇದೇ ಅಕ್ರೋಲಿನ್ ಇರುತ್ತದೆ!

ಇನ್ನೂ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಅಂತ ಖಚಿತವಾದವುಗಳಲ್ಲಿ, ಅಫ್ಲಾಟಾಕ್ಸಿನ್ ಜೊತೆಗೆ ಈ ಔಷಧಿಯೂ ಇದೆ. ಕೆಲವರಿಗೆ ವರ್ಷಗಳ ನಂತರ ರಕ್ತದ ಕ್ಯಾನ್ಸರ್ ಬರಬಹುದು. ಗೊತ್ತಿದ್ದೇ ಕೊಡುತ್ತಾರೆ, ಎದುರಿಗಿರುವ ರೋಗ ಅದಕ್ಕಿಂತ ದೊಡ್ಡದು. ಈ ಲೆಕ್ಕಾಚಾರ ನನಗೆ ಒಪ್ಪಿಗೆ. 'ಕೆಮಿಕಲ್ ಬೇಡ, ಜ್ಯೂಸ್ ಸಾಕು' ಅನ್ನುವವರ ಮೇಲೆ ಮಾತ್ರ ಸಿಟ್ಟು ಬರುತ್ತದೆ.

ಬೀಜದ ವಿಷಯಕ್ಕೆ ಬಂದರೆ, ನಮ್ಮಜ್ಜಿ ಮೊರದಲ್ಲಿ ಹಾಕಿ ಮುದುಡಿದ್ದು, ಕಪ್ಪಾದದ್ದು ಎಲ್ಲ ಆರಿಸುತ್ತಿದ್ದರು. ಆರಿಸಿದ್ದನ್ನು ಸುಮ್ನೆ ಬಿಸಾಡುವುದು ಯಾಕೆ ಅಂತ ಹಸುವಿನ ಕಲಗಚ್ಚಿಗೆ ಸುರಿಯುತ್ತಿದ್ದರು. ಹಸುವಿಗೂ ಲಿವರ್ ಇದೆ ಅಲ್ವಾ? ಅದು ಆ ವಿಷವನ್ನು ಎಂ1 ಅನ್ನುವ ರೂಪಕ್ಕೆ ತಂದು ಹಾಲಿಗೆ ಬಿಡುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಸಂಜೆ ಅದೇ ಹಾಲಿಗೆ ಬೆಲ್ಲ ಹಾಕಿ ನಮಗೆ ಕೊಡುತ್ತಿದ್ದರು.