ಸಂತ ಅಗಸ್ಟೀನರ ಹಬ್ಬದಂದು ಲಿಂಕನ್ ಸ್ಮಾರಕದ ಮುಂದೆ

ಇಂದು ಆಗಸ್ಟ್ 28, ಸಂತ ಅಗಸ್ಟೀನರ ಹಬ್ಬ. ಬೆಳಗಿನ ಪೂಜೆ ಮುಗಿಸಿ ಹೊರಗೆ ಬಂದಾಗ 2010ರ ಇದೇ ದಿನ ಕಣ್ಣ ಮುಂದೆ ಬಂದು ನಿಂತಿತು. ಅಂದು ಶನಿವಾರ. ಮೇರಿಲ್ಯಾಂಡಿನ ನಮ್ಮ ಧರ್ಮಕೇಂದ್ರದ (ಪ್ಯಾರಿಷ್) ಒಬ್ಬ ಹಿರಿಯರು, ಅವರ ಪತ್ನಿ ಮತ್ತು ನಾನು ಮೆಟ್ರೊ ಹತ್ತಿ ವಾಷಿಂಗ್ಟನ್ನಿಗೆ ಹೋಗಿದ್ದೆವು. ಲಿಂಕನ್ ಸ್ಮಾರಕದ ಮುಂದೆ ಬಲಪಂಥೀಯ ಟಿವಿ ನಿರೂಪಕ ಗ್ಲೆನ್ ಬೆಕ್ ಕರೆದ ಸಭೆಯಿತ್ತು. ಅಮೆರಿಕ ದೇವರ ಕಡೆಗೆ ಮರಳಬೇಕೆಂಬುದು ಅವರ ಕರೆ. ಹೋಗಬೇಕೆಂದು ನಾನಾಗಿ ಅಂದುಕೊಂಡಿರಲಿಲ್ಲ. ಆ ತಾಯಿ ಎರಡು ಸಲ ಕೇಳಿದರು, ಇಲ್ಲವೆನ್ನಲು ಮನಸ್ಸಾಗಲಿಲ್ಲ.

ಆಗ ಬೆಕ್ ಫಾಕ್ಸ್ ನ್ಯೂಸ್ ವಾಹಿನಿಯಲ್ಲಿ ಪ್ರತಿದಿನ ಸಂಜೆ ಕಾಣಿಸಿಕೊಳ್ಳುತ್ತಿದ್ದರು, ರೇಡಿಯೊದಲ್ಲಿಯೂ ಮಾತನಾಡುತ್ತಿದ್ದರು. ಕಪ್ಪು ಹಲಗೆಯ ಮುಂದೆ ನಿಂತು ಚಿತ್ರ ಬರೆದು ವಿವರಿಸುವ ಅವರ ರೀತಿ ಆ ದಿನಗಳಲ್ಲಿ ಅಮೆರಿಕದಲ್ಲಿದ್ದ ಎಲ್ಲರಿಗೂ ನೆನಪಿರುತ್ತದೆ. ಬೆಕ್ ಹುಟ್ಟಿ ಬೆಳೆದದ್ದು ಕಥೋಲಿಕ ಮನೆಯಲ್ಲಿ. ಕುಡಿತದಿಂದ ಬಿಡಿಸಿಕೊಂಡು, ಬದುಕನ್ನು ಮತ್ತೆ ಕಟ್ಟಿಕೊಂಡು, 1999ರಲ್ಲಿ ಅಮೆರಿಕದಲ್ಲಿಯೇ ಹುಟ್ಟಿದ ಮಾರ್ಮನ್ ಪಂಥಕ್ಕೆ ಸೇರಿದರು. ಆ ಹೋರಾಟದ ಬಗ್ಗೆ ನನಗೆ ಗೌರವವಿದೆ. ಕುಡಿತ ಬಿಟ್ಟವರ ಮನೆಯಲ್ಲಿ ಏನು ಬದಲಾಗುತ್ತದೆಂದು ಕಂಡವನು ನಾನು.

ಅಂದು ಸೇರಿದ್ದ ಜನರ ಬಗ್ಗೆಯೂ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರ ಮೇಲೆ ಬಂದ ಅನೇಕ ಬರಹಗಳಲ್ಲಿ ತಿರಸ್ಕಾರವಿತ್ತು. ಸಿಬಿಎಸ್ ವಾಹಿನಿಗಾಗಿ ಮೇಲಿನಿಂದ ತೆಗೆದ ಚಿತ್ರಗಳ ಆಧಾರದಲ್ಲಿ ಸುಮಾರು 87,000 ಜನರೆಂದು ಲೆಕ್ಕ ಹಾಕಿದರು. ರಾಜಕೀಯ ಫಲಕ ತರಬೇಡಿ ಎಂದು ಬೆಕ್ ಮೊದಲೇ ಕೇಳಿಕೊಂಡಿದ್ದರು. ನಮ್ಮ ಸುತ್ತ ಕುಳಿತವರು ಮಡಿಸುವ ಕುರ್ಚಿ, ನೀರಿನ ಬಾಟಲಿ, ಮೊಮ್ಮಕ್ಕಳೊಂದಿಗೆ ಬಂದ ಸಾಮಾನ್ಯರು. ನೀರು ಮುಗಿದಿದ್ದ ನನಗೆ ಪಕ್ಕದ ಕುಟುಂಬದವರು ತಾವಾಗಿಯೇ ಬಾಟಲಿ ಕೊಟ್ಟರು. ನನ್ನ ಜೊತೆ ಬಂದಿದ್ದ ತಾಯಿ ಕೈಯಲ್ಲಿ ಜಪಸರ ಹಿಡಿದು ಸದ್ದಿಲ್ಲದೆ ಅಳುತ್ತಿದ್ದರು. ಅವರ ಮೊಮ್ಮಗ ಆಗ ಅಫ್ಘಾನಿಸ್ತಾನದಲ್ಲಿದ್ದ. ಆ ಕಣ್ಣೀರಿನಲ್ಲಿ ನನಗೆ ಯಾವ ರಾಜಕೀಯವೂ ಕಾಣಲಿಲ್ಲ.

ಆದರೂ ಆ ಸಭೆಯ ಪ್ರಾರ್ಥನೆಗೆ 'ಆಮೆನ್' ಎನ್ನಲು ನನ್ನಿಂದ ಆಗಲಿಲ್ಲ. ಏಕೆಂದು ಹೇಳಲು ಆ ವರ್ಷದ ಮಾರ್ಚಿಗೆ ಹೋಗಬೇಕು.

ಅದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ. ಬೆಕ್ ತಮ್ಮ ರೇಡಿಯೊ ಕೇಳುಗರಿಗೆ, ನಿಮ್ಮ ಚರ್ಚಿನ ಅಂತರ್ಜಾಲ ಪುಟದಲ್ಲಿ 'ಸಾಮಾಜಿಕ ನ್ಯಾಯ' ಅಥವಾ 'ಆರ್ಥಿಕ ನ್ಯಾಯ' ಎಂಬ ಪದ ಕಂಡರೆ ಅಲ್ಲಿಂದ ಓಡಿ ಹೋಗಿ ಎಂದರು. ಅವು ಗುಪ್ತ ಸಂಕೇತಗಳಂತೆ. ಚರ್ಚನ್ನೇ ಬಿಡಲು ಹೇಳುತ್ತಿದ್ದೇನೆಯೇ ಎಂದು ತಾವೇ ಕೇಳಿಕೊಂಡು, ಹೌದು ಎಂದು ತಾವೇ ಉತ್ತರಿಸಿದರು. ಟಿವಿಯಲ್ಲಿ ನಾಜಿಗಳ ಸ್ವಸ್ತಿಕವನ್ನೂ ಕಮ್ಯುನಿಸ್ಟರ ಸುತ್ತಿಗೆ ಕುಡುಗೋಲನ್ನೂ ಎತ್ತಿ ತೋರಿಸಿ, ಎರಡೂ ಕಡೆಯವರ ಮಾತು ಇದೇ ಎಂದರು. ಕಥೋಲಿಕ ಗುರುಗಳ ಸಂಘವಾದ ಯೇಸುಸಭೆಯ (ಜೆಸುಯಿಟ್) ಫಾದರ್ ಜೇಮ್ಸ್ ಮಾರ್ಟಿನ್ ಕೂಡಲೇ ಉತ್ತರ ಬರೆದರು. ಇವಾಂಜೆಲಿಕಲ್ ಬೋಧಕ ಜಿಮ್ ವಾಲಿಸ್ ಕೂಡ ಬಲವಾಗಿ ವಿರೋಧಿಸಿದರು.

ನಮ್ಮ ಧರ್ಮಕೇಂದ್ರದಲ್ಲಿ ಏನಾಯಿತೆಂದರೆ, ಮುಂದಿನ ಭಾನುವಾರ ಈ ಹಿರಿಯರು ಪ್ರಕಟಣೆಗಳ ಹಾಳೆಯಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಹಾಕಿಕೊಂಡು ಬಂದರು. 'ಸಾಮಾಜಿಕ ನ್ಯಾಯ ಸಮಿತಿ' ಎಂಬ ಸಾಲು. ಮನೆ ಬಾಡಿಗೆ ಕಟ್ಟಲಾಗದವರಿಗೆ ಹಣ ಒದಗಿಸುವುದು, ಕೂಲಿ ಸಿಗದ ಕಟ್ಟಡ ಕಾರ್ಮಿಕರಿಗೆ ವಕೀಲರನ್ನು ಹುಡುಕಿಕೊಡುವುದು ಅದರ ಕೆಲಸ. ಇಪ್ಪತ್ತು ವರ್ಷದಿಂದ ಅದಕ್ಕೆ ಹಣ ಕೊಡುತ್ತಾ ಬಂದ ಮನುಷ್ಯ, ಹೆಸರನ್ನು ಬದಲಾಯಿಸಬೇಕೆಂದು ಗುರುಗಳನ್ನು ಕೇಳಿದರು. ಗುರುಗಳು ಮೃದುವಾಗಿಯೇ ಒಪ್ಪಲಿಲ್ಲ.

ನಾನು ಪಕ್ಕದಲ್ಲಿಯೇ ನಿಂತಿದ್ದೆ. ನನಗೆ ನೆನಪಾದದ್ದು ಚಿಕ್ಕಮಗಳೂರಿನ ಕಾಫಿ ತೋಟದ ಬಟವಾಡೆಯ ದಿನ. ನನ್ನ ತಂದೆ ತೋಟದಲ್ಲಿ ರೈಟರ್ ಆಗಿದ್ದರು. ವಾರದ ಕೂಲಿಯ ಲೆಕ್ಕ ಬರೆಯುವುದು ಅವರು, ಹಣ ಕೊಡುವುದು ಧಣಿಗಳು. ಒಂದು ವರ್ಷ ಹಣ್ಣು ಕೊಯ್ಲಿನ ಸಮಯದಲ್ಲಿ ಮೂರು ವಾರ ಬಟವಾಡೆ ಆಗಲಿಲ್ಲ. ಹೆಂಗಸರು ಸಂಜೆ ನಮ್ಮ ಲೈನ್ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಅಪ್ಪ ತಲೆ ಎತ್ತುತ್ತಿರಲಿಲ್ಲ. ಆ ಭಾನುವಾರ ನಮ್ಮ ಊರಿನ ಗುರುಗಳು ಪ್ರಬೋಧನೆಯಲ್ಲಿ ಸಂತ ಯಾಕೋಬರ ಪತ್ರದ ಐದನೆಯ ಅಧ್ಯಾಯವನ್ನು ತೆಗೆದರು: ನಿಮ್ಮ ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂಬ ಮಾತು. ಧಣಿಗಳು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು. ಗುರುಗಳು ಯಾರ ಹೆಸರನ್ನೂ ಹೇಳಲಿಲ್ಲ. ಬುಧವಾರ ಬಟವಾಡೆ ಆಯಿತು. ಅಂದು ರಾತ್ರಿ ಅಪ್ಪ ಜಪಸರ ಮುಗಿಸಿದ ಮೇಲೆ ಬಹಳ ಹೊತ್ತು ಮೊಣಕಾಲಿನ ಮೇಲೆಯೇ ಇದ್ದರು.

ಆ ಗುರುಗಳು ಮಾರ್ಕ್ಸನನ್ನು ಓದಿದ್ದರೋ ಇಲ್ಲವೋ ತಿಳಿಯದು. ಅವರು ಓದಿದ್ದು ಯಾಕೋಬರನ್ನು. 'ಸಾಮಾಜಿಕ ನ್ಯಾಯ' ಎಂಬ ಪದವನ್ನು 1840ರ ದಶಕದಲ್ಲಿ ಬಳಕೆಗೆ ತಂದವರಲ್ಲಿ ಮೊದಲಿಗರು ಇಟಲಿಯ ಯೇಸುಸಭೆಯ ಗುರು ಲುಯಿಜಿ ತಾಪರೆಲ್ಲಿ. 1891ರ ಮೇ 15ರಂದು ಪೋಪ್ ಹದಿಮೂರನೆಯ ಲಿಯೋ ಹೊರಡಿಸಿದ 'ರೇರುಮ್ ನೊವಾರುಮ್' ಪರಿಪತ್ರ ಸಮಾಜವಾದವನ್ನು ಖಂಡಿಸುತ್ತದೆ, ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿಯುತ್ತದೆ. ಅದೇ ಪರಿಪತ್ರ, ಮಿತವಾಗಿ ಬದುಕುವ ಕೂಲಿಗಾರನ ಜೀವನಕ್ಕೆ ಸಾಲದ ಕೂಲಿಯನ್ನು ಅವನು ಬೇರೆ ದಾರಿಯಿಲ್ಲದೆ ಒಪ್ಪಿಕೊಂಡಿದ್ದರೂ ಅದು ಅನ್ಯಾಯವೇ ಎನ್ನುತ್ತದೆ. 1931ರಲ್ಲಿ ಹನ್ನೊಂದನೆಯ ಪಿಯೂಸ್ 'ಸಾಮಾಜಿಕ ನ್ಯಾಯ' ಎಂಬ ಪದವನ್ನೇ ತಮ್ಮ ಪರಿಪತ್ರದಲ್ಲಿ ಮತ್ತೆ ಮತ್ತೆ ಬಳಸಿದರು. ಇಂದಿನ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ಅದು ಒಂದು ವಿಭಾಗದ ಶೀರ್ಷಿಕೆ. ನಮ್ಮ ಸಂವಿಧಾನದ ಪೀಠಿಕೆಯಲ್ಲಿ ಆ ಪದವನ್ನು ಓದಿಯೇ ಬೆಳೆದ ನನಗೆ, ಅದನ್ನು ಕಂಡು ಓಡಬೇಕೆಂದರೆ ಎಲ್ಲಿಗೆ ಓಡಬೇಕೆಂದು ತಿಳಿಯಲಿಲ್ಲ. ಕಥೋಲಿಕನೊಬ್ಬ ಆ ಪದದಿಂದ ಓಡಿದರೆ ಪೀಠದಿಂದಲೇ ಓಡಿದಂತೆ.

ಹಿರಿಯರ ಅಂಜಿಕೆಯಲ್ಲಿ ಸತ್ಯದ ಒಂದು ಅಂಶವಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಅವರ ಬಾಲ್ಯದಲ್ಲಿ ಫಾದರ್ ಚಾರ್ಲ್ಸ್ ಕಾಫ್ಲಿನ್ ಎಂಬ ಗುರು ಮಿಶಿಗನ್ನಿನಿಂದ ರೇಡಿಯೊದಲ್ಲಿ ಲಕ್ಷಾಂತರ ಜನರಿಗೆ ಬೋಧಿಸುತ್ತಿದ್ದರು. ಅವರ ಸಂಘಟನೆಯ ಹೆಸರಿನಲ್ಲಿಯೂ ಪತ್ರಿಕೆಯ ಹೆಸರಿನಲ್ಲಿಯೂ 'ಸಾಮಾಜಿಕ ನ್ಯಾಯ' ಇತ್ತು. 1938ರಲ್ಲಿ ಅದೇ ಪತ್ರಿಕೆ ಯೆಹೂದ್ಯರ ಮೇಲೆ ದ್ವೇಷ ಹುಟ್ಟಿಸಲು ಸೃಷ್ಟಿಸಿದ ಸುಳ್ಳು ದಾಖಲೆಯನ್ನು ಅಚ್ಚು ಹಾಕಿತು. 1942ರಲ್ಲಿ ಡೆಟ್ರಾಯಿಟಿನ ಮಹಾಧರ್ಮಾಧ್ಯಕ್ಷರು ಅವರ ಬಾಯಿ ಮುಚ್ಚಿಸಬೇಕಾಯಿತು. ಹೌದು, ಒಳ್ಳೆಯ ಪದವೊಂದು ಕೊಳೆಯಬಹುದು. ಆದರೆ ನಾನು ಆ ಕಥೆಯಿಂದ ಕಲಿತದ್ದು ಬೇರೆ: ಮೈಕಿನ ಮುಂದೆ ಕುಳಿತು ದೇಶವನ್ನೇ ಧರ್ಮಕ್ಕೆ ಕರೆಯುವ ಒಬ್ಬ ಮನುಷ್ಯನನ್ನು, ಅವನು ಗುರುವಾಗಿದ್ದರೂ, ಕಣ್ಣು ಮುಚ್ಚಿ ಹಿಂಬಾಲಿಸಬಾರದು. ಧರ್ಮಕೇಂದ್ರದ ಗುರುಗಳಿಗೆ ನನ್ನ ಹೆಸರು ತಿಳಿದಿದೆ, ನನ್ನ ಪಾಪನಿವೇದನೆಯನ್ನು ಅವರು ಕೇಳುತ್ತಾರೆ, ಅವರು ತಪ್ಪಿದರೆ ತಿದ್ದಲು ಧರ್ಮಾಧ್ಯಕ್ಷರಿದ್ದಾರೆ. ವಾಹಿನಿಯವರಿಗೆ ತಿಳಿದಿರುವುದು ವೀಕ್ಷಕರ ಸಂಖ್ಯೆ.

ಅಂದಿನ ವೇದಿಕೆಯ ಮೇಲೆ ಮೂರು ಪದಕಗಳನ್ನು ಕೊಟ್ಟರು: ವಿಶ್ವಾಸಕ್ಕೆ, ಭರವಸೆಗೆ, ಪರಪ್ರೀತಿಗೆ. ಪಡೆದವರು ಒಳ್ಳೆಯವರೇ. ಆದರೆ ನಮ್ಮ ಧರ್ಮೋಪದೇಶದಲ್ಲಿ ಈ ಮೂರು ದೇವರು ತಾವೇ ಸುರಿಯುವ ವರಗಳು, ಸಂಪಾದಿಸಿ ಎದೆಗೆ ಚುಚ್ಚಿಕೊಳ್ಳುವಂಥವಲ್ಲ. ಪರಪ್ರೀತಿಗೆ ಪದಕ ಕೊಡುವ ವೇದಿಕೆಯ ಯಜಮಾನರು ಐದು ತಿಂಗಳ ಹಿಂದೆ ನ್ಯಾಯ ಎಂಬ ಪದಕ್ಕೆ ಹೆದರಿ ಓಡಲು ಹೇಳಿದ್ದರೆಂಬುದು ನನ್ನನ್ನು ಚುಚ್ಚುತ್ತಲೇ ಇತ್ತು. ಅದರ ಹಿಂದಿನ ವರ್ಷವಷ್ಟೇ ಪೋಪ್ ಹದಿನಾರನೆಯ ಬೆನೆಡಿಕ್ಟರು ಪರಪ್ರೀತಿ ನ್ಯಾಯವನ್ನು ಮೀರುತ್ತದೆ, ಆದರೆ ನ್ಯಾಯವಿಲ್ಲದೆ ಎಂದೂ ಇರುವುದಿಲ್ಲ ಎಂದು ಬರೆದಿದ್ದರು. ನಮ್ಮ ಧಣಿಗಳು ಪ್ರತಿ ಕ್ರಿಸ್ಮಸ್ಸಿಗೆ ಎಲ್ಲ ಲೈನ್ ಮನೆಗಳಿಗೂ ಕಂಬಳಿ ಕೊಡುತ್ತಿದ್ದರು. ಅದು ಪರಪ್ರೀತಿಯೇ. ಹೆಂಗಸರಿಗೆ ಬೇಕಾಗಿದ್ದದ್ದು ಮೂರು ವಾರದ ಕೂಲಿ.

ಅಮೆರಿಕ ಇಂದು ದೇವರ ಕಡೆಗೆ ಮರಳತೊಡಗಿದೆ ಎಂದು ಬೆಕ್ ಹೇಳಿದಾಗ ಜನ ಎದ್ದು ನಿಂತರು. ನನ್ನ ಮನಸ್ಸು 'ಮರಳುವುದು' ಎಂಬ ಪದದಲ್ಲಿಯೇ ಸಿಕ್ಕಿಕೊಂಡಿತು. ಯಾವ ಕಾಲಕ್ಕೆ? ನಾನಿರುವ ಮೇರಿಲ್ಯಾಂಡನ್ನೇ ನೋಡಿ. ಇಂಗ್ಲೆಂಡಿನಲ್ಲಿ ನೆಮ್ಮದಿಯಿಲ್ಲದ ಕಥೋಲಿಕರಿಗೂ ನೆಲೆಯಾಗಲೆಂದು ಕಾಲ್ವರ್ಟ್ ಮನೆತನ 1634ರಲ್ಲಿ ಈ ವಸಾಹತನ್ನು ಸ್ಥಾಪಿಸಿತು. 1649ರಲ್ಲಿ ಇಲ್ಲಿ ಕ್ರೈಸ್ತ ಪಂಗಡಗಳ ನಡುವೆ ಸಹಿಷ್ಣುತೆಯ ಕಾನೂನು ಬಂದಿತು. ಆ ಶತಮಾನ ಮುಗಿಯುವ ಹೊತ್ತಿಗೆ ಅಧಿಕಾರ ಪ್ರೊಟೆಸ್ಟೆಂಟರ ಕೈ ಸೇರಿ, 1704ರಲ್ಲಿ ಕಥೋಲಿಕ ಗುರುಗಳು ಪೂಜೆ ಅರ್ಪಿಸುವುದೇ ಅಪರಾಧವಾಯಿತು. ಮನೆಗಳ ಒಳಗೆ, ಖಾಸಗಿಯಾಗಿ ಪೂಜೆ ನಡೆಯುತ್ತಿತ್ತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಏಕೈಕ ಕಥೋಲಿಕ ಚಾರ್ಲ್ಸ್ ಕ್ಯಾರಲ್ ಈ ನೆಲದವರು. ಕ್ರಾಂತಿಯ ಮುಂಚೆ ತಮ್ಮ ವಸಾಹತಿನಲ್ಲಿಯೇ ಸಾರ್ವಜನಿಕ ಹುದ್ದೆ ಹಿಡಿಯುವ ಹಕ್ಕು ಅವರಿಗಿರಲಿಲ್ಲ. 1844ರಲ್ಲಿ ಫಿಲಡೆಲ್ಫಿಯಾದಲ್ಲಿ, ಶಾಲೆಯಲ್ಲಿ ಮಕ್ಕಳು ಯಾವ ಬೈಬಲ್ ಓದಬೇಕೆಂಬ ಜಗಳ ಹೊತ್ತಿ ಉರಿದು ಕಥೋಲಿಕರ ಎರಡು ಚರ್ಚುಗಳು ಸುಟ್ಟು ಬೂದಿಯಾದವು. ಅವುಗಳಲ್ಲಿ ಒಂದು ಸಂತ ಅಗಸ್ಟೀನರ ಚರ್ಚು. ಬೆಂಕಿ ಹಚ್ಚಿದವರೂ ದೇಶದ ಧರ್ಮವನ್ನು ಉಳಿಸುತ್ತಿದ್ದೇವೆ ಎಂದೇ ನಂಬಿದ್ದರು. ನನ್ನ ಪಕ್ಕ ಕುಳಿತಿದ್ದ ಹಿರಿಯರ ಪೂರ್ವಿಕರು ಐರ್ಲೆಂಡಿನಿಂದ ಹಡಗು ಹತ್ತಿ ಬಂದದ್ದು ಇಂಥ ಅಮೆರಿಕಕ್ಕೆ. ಅವರು ಯಾವ ಹಳೆಯ ದಿನಕ್ಕೆ ಮರಳಬೇಕು?

ಮಾರ್ಮನ್ನರೊಂದಿಗೆ ಕುಳಿತು ಪ್ರಾರ್ಥಿಸಬಹುದೇ ಎಂಬ ಪ್ರಶ್ನೆಯನ್ನು ಕೆಲವು ಕಥೋಲಿಕರು ಎತ್ತಿದರು. ಮಾರ್ಮನ್ನರ ದೀಕ್ಷಾಸ್ನಾನ ಸಿಂಧುವಲ್ಲವೆಂದು ವ್ಯಾಟಿಕನ್ 2001ರಲ್ಲಿ ಹೇಳಿದ್ದು ನಿಜ. ತಂದೆ, ಮಗ, ಪವಿತ್ರಾತ್ಮ ಒಂದೇ ದೇವರೆಂಬ ತ್ರಿತ್ವದ ಬಗ್ಗೆ ಅವರ ನಂಬಿಕೆ ನಮ್ಮದಲ್ಲ. ನೆರೆಹೊರೆಯವರಾಗಿ ಅವರಷ್ಟು ಒಳ್ಳೆಯವರು ವಿರಳ. ನನ್ನ ತಕರಾರು ಅಲ್ಲಿಲ್ಲ. ಪರಮಪ್ರಸಾದವೂ ಪಾಪನಿವೇದನೆಯೂ ಇಲ್ಲದೆ, ಯಾರ ದೇವರೆಂದು ಹೇಳದೆ, ಎಲ್ಲರಿಗೂ ಸಲ್ಲುವಂತೆ ತೆಳುವಾಗಿಸಿದ 'ದೇವರು' ಕೊನೆಗೆ ದೇಶದ ಮುಖವನ್ನೇ ಹೊತ್ತುಕೊಳ್ಳುತ್ತಾನೆ ಎಂಬುದು ನನ್ನ ಭಯ.

ಈ ಭಯ ಹೊಸದಲ್ಲ. ಕ್ರಿ.ಶ. 410ರಲ್ಲಿ ಗಾಥರು ರೋಮ್ ನಗರವನ್ನು ಕೊಳ್ಳೆ ಹೊಡೆದಾಗ, ಪೂರ್ವಿಕರ ದೇವತೆಗಳನ್ನು ಬಿಟ್ಟಿದ್ದರಿಂದಲೇ ಹೀಗಾಯಿತು, ಅವರ ಕಡೆಗೆ ಮರಳಿದರೆ ರೋಮ್ ಮತ್ತೆ ಎದ್ದು ನಿಲ್ಲುತ್ತದೆ ಎಂದು ಅನೇಕರು ಕೂಗಿದರು. ಆಫ್ರಿಕಾದ ಹಿಪ್ಪೊ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ಅಗಸ್ಟೀನರು ಅವರಿಗೆ ಉತ್ತರ ಬರೆಯಲು ಕುಳಿತು ಹದಿಮೂರು ವರ್ಷ ತೆಗೆದುಕೊಂಡರು. 'ಹಾಗಾದರೆ ಕ್ರಿಸ್ತನ ಕಡೆಗೆ ತಿರುಗಿ, ರೋಮ್ ಗೆಲ್ಲುತ್ತದೆ' ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ದೇವರ ನಗರ ಬೇರೆ, ರೋಮ್ ಬೇರೆ. ಈ ಲೋಕದಲ್ಲಿ ಎರಡೂ ಬೆರೆತುಕೊಂಡಿವೆ ಎಂದರು. ನ್ಯಾಯವನ್ನು ತೆಗೆದುಹಾಕಿದರೆ ರಾಜ್ಯಗಳೆಂದರೆ ದೊಡ್ಡ ದರೋಡೆಗಳಲ್ಲದೆ ಮತ್ತೇನು ಎಂದು ಕೇಳಿದರು. ಅಲೆಕ್ಸಾಂಡರನ ಮುಂದೆ ಸೆರೆಸಿಕ್ಕ ಕಡಲುಗಳ್ಳನೊಬ್ಬ, 'ನನ್ನ ಬಳಿ ಇರುವುದು ಒಂದು ಚಿಕ್ಕ ದೋಣಿ, ಅದಕ್ಕೆ ನಾನು ಕಳ್ಳ. ನಿನ್ನ ಬಳಿ ದೊಡ್ಡ ನೌಕಾಪಡೆ ಇದೆ, ಅದಕ್ಕೆ ನೀನು ಚಕ್ರವರ್ತಿ' ಎಂದ ಕಥೆಯನ್ನು ಅಲ್ಲಿಯೇ ಹೇಳುತ್ತಾರೆ. ಅವರ ಹಬ್ಬದ ದಿನವೇ ಈ ಸಭೆ ನಡೆದದ್ದನ್ನು ಬೆಕ್ ಗಮನಿಸಿರಲಾರರು. ನನಗೆ ಮಾತ್ರ ಇಡೀ ಮಧ್ಯಾಹ್ನ ಆ ಪ್ರಶ್ನೆಯೇ ಕೇಳಿಸುತ್ತಿತ್ತು.

ಆ ದಿನಾಂಕವನ್ನು ಎಲ್ಲರೂ ಗಮನಿಸಿದ್ದು ಬೇರೆ ಕಾರಣಕ್ಕೆ. 1963ರ ಆಗಸ್ಟ್ 28ರಂದು ಅದೇ ಮೆಟ್ಟಿಲುಗಳ ಮೇಲೆ ಕರಿಯರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಮಾತನಾಡಿದ್ದರು. ಅವರ ತಮ್ಮನ ಮಗಳು ಆಲ್ವಿಡಾ ಕಿಂಗ್ 2010ರಲ್ಲಿ ಬೆಕ್ ವೇದಿಕೆಯಲ್ಲಿದ್ದರು. 1963ರದು 'ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ ವಾಷಿಂಗ್ಟನ್ನಿಗೆ ಮೆರವಣಿಗೆ'; ಆ ಹೆಸರಿನಲ್ಲಿ ಸ್ವಾತಂತ್ರ್ಯಕ್ಕಿಂತ ಮೊದಲು ಬರುವ ಪದ ಉದ್ಯೋಗ. ಗಂಟೆಗೆ ಕನಿಷ್ಠ 2 ಡಾಲರ್ ಕೂಲಿ ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಅಂದು ಪ್ರಾರ್ಥನೆಯಿಂದ ಸಭೆಯನ್ನು ಆರಂಭಿಸಿದವರು ವಾಷಿಂಗ್ಟನ್ನಿನ ಕಥೋಲಿಕ ಮಹಾಧರ್ಮಾಧ್ಯಕ್ಷ ಪ್ಯಾಟ್ರಿಕ್ ಓಬಾಯ್ಲ್. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡುವ ಮುಂಚೆಯೇ ತಮ್ಮ ಶಾಲೆಗಳಲ್ಲಿ ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಒಂದೇ ಬೆಂಚಿನಲ್ಲಿ ಕೂರಿಸಲು ಆರಂಭಿಸಿದ್ದವರು. ಅವರೂ ಅಂಜಿದರು: ವಿದ್ಯಾರ್ಥಿ ಹೋರಾಟಗಾರರ ಯುವ ನಾಯಕ ಜಾನ್ ಲೂಯಿಸರ ಭಾಷಣದ ಕರಡು ತೀರಾ ಬಿರುಸಾಗಿದೆ, ತಿದ್ದದಿದ್ದರೆ ವೇದಿಕೆ ಹತ್ತುವುದಿಲ್ಲ ಎಂದರು. ಲೂಯಿಸ್ ತಿದ್ದಬೇಕಾಯಿತು. ಓಬಾಯ್ಲರ ಪರ ನಾನು ವಾದಿಸುವುದಿಲ್ಲ. ಆದರೂ ಅವರು ಆ ಮೆಟ್ಟಿಲ ಮೇಲೆ ನಿಂತು ಪ್ರಾರ್ಥಿಸಿದರು, ಕೂಲಿ ಕೇಳಲು ಬಂದವರ ಜೊತೆ. ಆ ಪ್ರಾರ್ಥನೆಗಾದರೆ ನಾನು ಆಮೆನ್ ಎನ್ನುತ್ತಿದ್ದೆ.

ಸಂಜೆ ಮೂವರೂ ಊರಿಗೆ ಮರಳಿ, ನೇರವಾಗಿ ಭಾನುವಾರದ ಮುನ್ನಾದಿನದ ಪೂಜೆಗೆ ಹೋದೆವು. ಆ ವಾರದ ಶುಭಸಂದೇಶ ಲೂಕರ ಹದಿನಾಲ್ಕನೆಯ ಅಧ್ಯಾಯ. ಔತಣಕ್ಕೆ ಹೋದಾಗ ಕೊನೆಯ ಜಾಗದಲ್ಲಿ ಕುಳಿತುಕೋ. ಔತಣ ಕೊಡುವಾಗ ಬಡವರನ್ನೂ ಊನವಾದವರನ್ನೂ ಕುಂಟರನ್ನೂ ಕುರುಡರನ್ನೂ ಕರೆ, ಅವರು ನಿನಗೆ ಹಿಂದಕ್ಕೆ ಏನನ್ನೂ ಕೊಡಲಾರರು ಎಂಬ ಭಾಗ. ಗುರುಗಳು ಸಭೆಯ ಸುದ್ದಿಯನ್ನೇ ಎತ್ತದೆ ಹತ್ತು ನಿಮಿಷ ಅದರ ಮೇಲೆ ಮಾತನಾಡಿದರು. ಆ ತಾಯಿ ಮೊಮ್ಮಗನಿಗಾಗಿ ಒಂದು ಮೇಣದ ಬತ್ತಿ ಹಚ್ಚಿದರು. ಹಿರಿಯರು ಹೊರಗೆ ಹೋಗುವಾಗ ಬಾಗಿಲ ಬಳಿಯ ಪೆಟ್ಟಿಗೆಯ ಮುಂದೆ ನಿಂತು, ಪ್ರತಿ ತಿಂಗಳಂತೆ ಒಂದು ನೋಟನ್ನು ನಾಲ್ಕಾಗಿ ಮಡಿಸಿ ಹಾಕಿದರು. ಎರಡು ಕುಟುಂಬಗಳ ಸೆಪ್ಟೆಂಬರ್ ಬಾಡಿಗೆ ಬಾಕಿಯಿತ್ತು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಸಮಿತಿಯ ಹಳೆಯ ಹೆಸರೇ ಇತ್ತು.